ವಾಯರ್ ಇಲ್ಲದ ಡಬ್ಬಿ

ಸವಣೂರು ಸುತ್ತಿನ ಮುಸ್ಲಿಂ ಮನೆಗಳ ಮದುವೆಯಲ್ಲಿ ಹೆಂಗಸರ ಕಡೆಯ ವಿಡಿಯೊ ತೆಗೆಯುವವಳು ಎಂದರೆ ತರನ್ನುಮ. ಅವಳ ಗಂಡ ಅಲ್ಲಾಭಕ್ಷನದು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸಣ್ಣ ಸ್ಟುಡಿಯೊ. ದುಂಡಸಿಯ ರೈತನ ಮಗಳಾಗಿ ಹುಟ್ಟಿ, ಶಾಲೆ ಬಿಟ್ಟ ಮೇಲೆ ಹೊಲಿಗೆ ಕಲಿತು, ಮದುವೆಯಾಗಿ ಸವಣೂರಿಗೆ ಬಂದವಳಿಗೆ ಕ್ಯಾಮೆರಾ ಹಿಡಿಯುವ ಆಸೆಯೇನೂ ಇರಲಿಲ್ಲ. ಒಮ್ಮೆ ಬಂಕಾಪುರದ ಮದುವೆಯೊಂದರಲ್ಲಿ ಮದುಮಗಳ ತಾಯಿ, ಗಂಡಸು ಕ್ಯಾಮೆರಾದವನನ್ನು ಒಳಗೆ ಬಿಡುವುದಿಲ್ಲ ಎಂದು ಬಾಗಿಲಿಗೆ ಅಡ್ಡ ನಿಂತಳು. ಅಲ್ಲಾಭಕ್ಷ ಮನೆಗೆ ಫೋನು ಮಾಡಿ ಹೆಂಡತಿಯನ್ನು ಕರೆಸಿ, ಈ ಗುಂಡಿ ಒತ್ತು, ಕೈ ಅಲುಗಾಡಿಸಬೇಡ ಎಂದಷ್ಟೇ ಹೇಳಿ ಕ್ಯಾಮೆರಾ ಕೊಟ್ಟ. ಆ ದಿನದ ವಿಡಿಯೊದಲ್ಲಿ ಅರ್ಧ ಹೊತ್ತು ಜಮಖಾನ, ಇನ್ನರ್ಧ ಹೊತ್ತು ಯಾರದೋ ಬೆನ್ನು. ಆದರೂ ಆ ಮನೆಯವರು ಬೀಗರ ಮನೆಗಳಿಗೆಲ್ಲ ಅವಳ ಹೆಸರನ್ನೇ ಹೇಳಿದರು.

ಕೆಲಸ ಕೈಗೆ ಹತ್ತಿದ ಮೇಲೆ ತರನ್ನುಮ ಒಂದು ಕಟ್ಟಳೆ ಮಾಡಿಕೊಂಡಳು. ಹೆಂಗಸರ ಕಡೆಯ ಚಿತ್ರವನ್ನು ಗಂಡನೂ ನೋಡಬಾರದು. ಎಡಿಟಿಂಗ್ ತಾನೇ ಕಲಿತು ತಾನೇ ಮಾಡುವಳು. ಪೆನ್ ಡ್ರೈವನ್ನು ಮದುಮಗಳ ತಾಯಿಯ ಕೈಯಲ್ಲೇ ಇಟ್ಟು ಬರುವಳು. ಅವಳೆದುರು ಹೆಂಗಸರು ಸೆರಗು ಜಾರಿದ್ದರ ಪರಿವೆಯಿಲ್ಲದೆ ಹಾಡುತ್ತಿದ್ದುದು, ನಗುತ್ತಿದ್ದುದು ಈ ನಂಬಿಕೆಯ ಮೇಲೆಯೇ.

ಗಂಡಸರ ಕಡೆ ನಡೆಯುವ ನಿಕಾಹ್ ತಮಗೂ ಕಾಣಬೇಕು ಎಂದು ಹೆಂಗಸರು ಕೇಳತೊಡಗಿದ್ದು ಈಚೆಗೆ. ಕೆಳಗಿನ ಕ್ಯಾಮೆರಾದಿಂದ ಮೇಲಿನ ಟಿ.ವಿ.ಗೆ ಅಲ್ಲಾಭಕ್ಷ ಮೆಟ್ಟಿಲ ಮೇಲೆ ಉದ್ದಕ್ಕೆ ವಾಯರ್ ಎಳೆಯುತ್ತಿದ್ದ. ಅದಕ್ಕೆ ಕಾಲು ಸಿಕ್ಕಿ ಒಬ್ಬ ಮುದುಕಿ ಬಿದ್ದಳು. ಮರುವಾರವೇ ಅವನು ಹುಬ್ಬಳ್ಳಿಗೆ ಹೋಗಿ ವಾಯರ್ ಬೇಡದ ಟ್ರಾನ್ಸ್‌ಮಿಟರ್ ತಂದ. ಅಂಗೈಯಗಲದ ಎರಡು ಕಪ್ಪು ಡಬ್ಬಿ, ಎರಡಕ್ಕೂ ಕಿವಿಯಂತೆ ಎರಡೆರಡು ಆಂಟೆನಾ. ಒಂದನ್ನು ಕ್ಯಾಮೆರಾದ ತಲೆಗೆ ಸಿಕ್ಕಿಸಬೇಕು, ಅದು ಚಿತ್ರವನ್ನೂ ದನಿಯನ್ನೂ ಕಳಿಸುತ್ತದೆ. ಇನ್ನೊಂದನ್ನು ಟಿ.ವಿ.ಗೆ ಜೋಡಿಸಬೇಕು, ಅದು ಹಿಡಿಯುತ್ತದೆ. ನೀಲಿ ದೀಪ ಮಿಣುಕುತ್ತಿದ್ದರೆ ಒಂದನ್ನೊಂದು ಹುಡುಕುತ್ತಿವೆ. ಮಿಣುಕು ನಿಂತು ದೀಪ ಒಂದೇ ಸಮ ಉರಿದರೆ ಕೂಡಿಕೊಂಡಿವೆ. ಇಷ್ಟನ್ನು ಅವನು ಎರಡೆರಡು ಸಲ ಹೇಳಿಕೊಟ್ಟ. ನೋಡಲು ಎರಡೂ ಒಂದೇ ತೆರ, ಹಾಗಾಗಿ ತರನ್ನುಮ ಒಂದಕ್ಕೆ ಕೆಂಪು ದಾರ ಕಟ್ಟಿದಳು. ಆಮೇಲೆ ಕೆಂಪು ದಾರ ಕಳಿಸುವುದಕ್ಕೋ ಹಿಡಿಯುವುದಕ್ಕೋ ಎಂಬುದೇ ಮರೆಯುತ್ತಿತ್ತು.

ಸವಣೂರಿನದೇ ಒಂದು ಮದುವೆಯಲ್ಲಿ ಮೊದಲ ಸಲ ಹಚ್ಚಿ ನೋಡಿದರು. ಚಿತ್ರ ಸ್ವಚ್ಛ ಬಂತು. ಆದರೆ ಕೆಳಗಿನ ಮೈಕಿನ ದನಿ ಕಿಟಕಿಯಿಂದ ನೇರ ಕೇಳುತ್ತಿತ್ತು, ಅದೇ ದನಿ ಚೂರು ತಡವಾಗಿ ಟಿ.ವಿ.ಯಿಂದಲೂ ಬರುತ್ತಿತ್ತು. ಮದುಮಗ ಮೂರು ಸಲ ‘ಕುಬೂಲ್’, ಒಪ್ಪಿದೆ, ಅನ್ನಬೇಕಾದಲ್ಲಿ ಆರು ಸಲ ಯಾಕೆ ಅಂದ ಎಂದು ಹಿರಿಯ ಹೆಂಗಸರು ಚರ್ಚೆಗೆ ಕುಳಿತರು. ಟಿ.ವಿ.ಯ ದನಿ ಇಳಿಸಬೇಕೋ ಕಿಟಕಿ ಮುಚ್ಚಬೇಕೋ ತರನ್ನುಮಳಿಗೆ ತಿಳಿಯಲಿಲ್ಲ. ಎರಡನ್ನೂ ಮಾಡಿದಳು, ಆಗ ಏನೂ ಕೇಳದಂತಾಯಿತು.

ಅವಳನ್ನು ಕಾಡಿದ್ದು ಬೇರೆ. ವಾಯರ್ ಇದ್ದಾಗ ಚಿತ್ರ ಎಲ್ಲಿಗೆ ಹೋಗುತ್ತದೆಂದು ಕೈಯಿಂದ ಮುಟ್ಟಿ ಹೇಳಬಹುದಿತ್ತು. ಈಗ ನಡುವಿನ ಜಾಗದಲ್ಲಿ ಅದು ಎಲ್ಲಿರುತ್ತದೆ ಎಂದು ಗಂಡನನ್ನು ಕೇಳಿದಳು. ಫೋನಿನ ಮಾತಿನಂತೆ ಗಾಳಿಯಲ್ಲಿ ಹೋಗುತ್ತದೆ ಎಂದ ಅವನು. ಫೋನಾದರೆ ನಂಬರ್ ಒತ್ತಿದವರಿಗಷ್ಟೇ ಹೋಗುತ್ತದೆ, ಇದಕ್ಕೆ ನಾವು ಯಾವ ನಂಬರ್ ಒತ್ತಿದೆವು ಎಂದಳು. ಅಲ್ಲಾಭಕ್ಷ ತಲೆ ಕೆರೆದುಕೊಂಡು, ಅಂಗಡಿಯವನು ಅದೆಲ್ಲ ಒಳಗೇ ಇದೆ ಎಂದಿದ್ದಾನೆ ಅಂದ.

ಅದಾದ ಮೇಲೆ ಬಂದದ್ದು ಹಾನಗಲ್ಲಿನ ಶಾದಿಮಹಲಿನ ಮದುವೆ. ಮದುಮಗಳು ರಮೀಜ, ಅಕ್ಕಿಆಲೂರಿನ ಅಕ್ಕಿ ಗಿರಣಿಯವರ ಮಗಳು. ಗಂಡಸರು ಕೆಳಗೆ, ಹೆಂಗಸರು ಮಾಳಿಗೆಯಲ್ಲಿ. ರಮೀಜಳ ಅಜ್ಜಿ ಬಾನುಬಿಗೆ ಮೊಣಕಾಲು ನೋವು. ಮದುಮಗಳ ಸಿಂಗಾರ ನಡೆದಿದ್ದ ಒಳಕೋಣೆಯ ಗದ್ದಲದಲ್ಲಿ ನುಗ್ಗಲು ಆಗದು. ಮೊಮ್ಮಗಳನ್ನು ಕುಳಿತಲ್ಲೇ ನೋಡಬೇಕು ಎಂದು ಆಕೆ ಕೇಳಿದಳು. ಹೆಂಗಸರ ಕಡೆಯಿಂದ ಹೆಂಗಸರ ಕಡೆಗೇ ಅಲ್ಲವೆ ಎಂದುಕೊಂಡು ತರನ್ನುಮ ಕಳಿಸುವ ಡಬ್ಬಿಯನ್ನು ತನ್ನ ಕ್ಯಾಮೆರಾಕ್ಕೆ ಹಾಕಿ, ಇನ್ನೊಂದನ್ನು ಮಾಳಿಗೆಯ ಪಡಸಾಲೆಯ ಟಿ.ವಿ.ಗೆ ಜೋಡಿಸಿದಳು. ದೀಪ ಮಿಣುಕಿ ನಿಂತಿತು. ಬಾನುಬಿ ಕುರ್ಚಿಯಲ್ಲಿ ಕುಳಿತು ಮೊಮ್ಮಗಳ ಮೆಹಂದಿ ಕೈ, ಬಿಚ್ಚಿದ ಕೂದಲು, ಹಣೆಯ ಟೀಕಾ ನೋಡುತ್ತ ಕಣ್ಣೊರೆಸಿಕೊಂಡಳು. ಕೋಣೆಯೊಳಗೆ ಗೆಳತಿಯರು ಹಾಡು ಹೇಳಿ ಅತ್ತೆ ಮನೆಯವರ ಅಣಕ ಮಾಡುತ್ತಿದ್ದರು.

ಆಗ ಮೆಟ್ಟಿಲ ಕೆಳಗಿನಿಂದ ಗಂಡಸಿನ ದನಿ ಕೇಳಿತು. ವಿಡಿಯೊದ ಅಕ್ಕನನ್ನು ಕಳಿಸಿ ಎನ್ನುತ್ತಿತ್ತು. ತರನ್ನುಮ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಹಾಗೇ ಬಿಟ್ಟು ಇಳಿದಳು. ನಿಂತಿದ್ದವನು ರುದ್ರೇಶ, ಶಿಗ್ಗಾವಿಯ ವಿಡಿಯೊದವನು. ಪಕ್ಕದ ಸಮಾರಂಭದ ಹಾಲಿನಲ್ಲಿ ನಡೆದಿದ್ದ ಕುಬಸದ, ಅಂದರೆ ಸೀಮಂತದ, ಶೂಟಿಂಗಿಗೆ ಬಂದಿದ್ದ. ಬೆವೆತಿದ್ದ.

“ಅಕ್ಕಾರ, ನಿಮ್ಮ ಮದುಮಗಳು ನಮ್ಮ ಟಿ.ವಿ.ಯಾಗ ಬರಾಕತ್ತಿದ್ಲರಿ. ಮಾತು, ಹಾಡು ಸೈತ ಕೇಳಾಕತ್ತಿತ್ತು. ನಮ್ಮದು ಬಂದ್ ಮಾಡಿ ಬಂದೇನಿ, ನಿಮ್ಮದೂ ಬಂದ್ ಮಾಡ್ರಿ.”

ತರನ್ನುಮಳ ಕಿವಿಗೆ ಮಾತು ಬಿತ್ತು, ಅರ್ಥ ಒಳಗಿಳಿಯಲಿಲ್ಲ. “ನಿಮ್ಮ ಟಿ.ವಿ.ಗೆ ನಾ ಎಲ್ಲೆ ವಾಯರ್ ಹಾಕೇನ್ರಿ?” ಎಂದಳು.

“ವಾಯರ್ ಇಲ್ಲಲ್ರಿ, ಅದಕ್ಕ ಬಂದೈತಿ.”

ಅವಳು ಓಡಿ ಮೇಲೆ ಬಂದು ಟಿ.ವಿ.ಯ ಡಬ್ಬಿ ಕಿತ್ತಳು. ಪರದೆ ಕಪ್ಪಾಯಿತು. ಮುಗಿಯಿತು ಎಂದುಕೊಂಡು ಉಸಿರು ಬಿಟ್ಟಳು. ಬಾನುಬಿ ಯಾಕೆ ಆರಿಸಿದೆ ಎಂದು ಕೇಳುತ್ತಲೇ ಇದ್ದಳು. ಒಳಕೋಣೆಗೆ ಹೋದಾಗ ಕ್ಯಾಮೆರಾದ ತಲೆಯ ಮೇಲಿನ ಡಬ್ಬಿ ನೀಲಿ ದೀಪ ಮಿಣುಕಿಸುತ್ತ ಕೂತೇ ಇತ್ತು. ಕಳಿಸುವುದನ್ನು ಬಿಟ್ಟು ಹಿಡಿಯುವುದನ್ನು ಆರಿಸಿ ಬಂದಿದ್ದಳು. ಅದನ್ನೂ ಕಿತ್ತಳು.

ರಮೀಜಳ ತಾಯಿ ಶಬೀನಾಳನ್ನು ಮೂಲೆಗೆ ಕರೆದು, ಆದದ್ದನ್ನು ಹೇಳಿದಳು. ಶಬೀನಾ ಬೈಯಲಿಲ್ಲ. ಯಾರು ಯಾರು ನೋಡಿದರು ಎಂದು ಕೇಳಿದಳು. ತರನ್ನುಮಳಿಗೆ ಗೊತ್ತಿರಲಿಲ್ಲ. ಎಷ್ಟು ಹೊತ್ತು ಬಂತು ಎಂದು ಕೇಳಿದಳು. ಅದೂ ಗೊತ್ತಿರಲಿಲ್ಲ. ನಮ್ಮ ಚಿತ್ರ ಅಲ್ಲಿಗೆ ಹೋಗಿದ್ದು ಹೇಗೆ ಎಂದಾಗ ತರನ್ನುಮ ಎರಡು ಡಬ್ಬಿಗಳನ್ನೂ ತೋರಿಸಿ, ಗಾಳಿಯಲ್ಲಂತೆ ಎಂದಳು. ಅಷ್ಟನ್ನು ಕೇಳಿಸಿಕೊಂಡ ಬಾನುಬಿ ತಾನೇ ಎದ್ದಳು. ಬುರ್ಖಾ ಹಾಕಿಕೊಂಡು, ತರನ್ನುಮಳ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಪಕ್ಕದ ಹಾಲಿಗೆ ನಡೆದಳು.

ಅಲ್ಲಿ ಹಸಿರು ಸೀರೆ, ಕೈತುಂಬ ಹಸಿರು ಬಳೆಯ ಬಸುರಿ ಪೂಜಾ ಅಲಂಕರಿಸಿದ ಕುರ್ಚಿಯಲ್ಲಿ ಕುಳಿತಿದ್ದಳು. ಬದಿಯ ದೊಡ್ಡ ಟಿ.ವಿ.ಯ ಮೇಲೆ ಒಂದು ಜರಿ ಸೀರೆ ಹೊದಿಸಿತ್ತು. ಪೂಜಾಳ ತಾಯಿ ಸರೋಜವ್ವ ಎದ್ದು ಬಂದಳು. ಬಂದವರು ಯಾರೆಂದು ಅವಳಿಗೆ ಹೇಳಬೇಕಾಗಲಿಲ್ಲ.

“ನಮ್ಮ ಹುಡುಗಿನ್ನ ಯಾರ್ಯಾರು ನೋಡಿದ್ರವ್ವಾ?” ಎಂದಳು ಬಾನುಬಿ.

“ಖರೇ ಹೇಳ್ತೇನಿ, ಯವ್ವಾ. ಗಂಡಸರು ಊಟಕ್ಕ ಕುಂತಿದ್ರು, ಇಲ್ಲೆ ಹೆಣ್ಮಕ್ಕಳ ಇದ್ವಿ. ಮೊದಲ ಯಾವುದೋ ಸೀರಿಯಲ್ ಹಚ್ಯಾರ ಅಂದ್ಕೊಂಡ್ವಿ. ನಿಮ್ಮ ಮಾತು ಕೇಳಿ, ಬಾಜೂದ ಮದುವಿ ಹುಡುಗಿ ಅಂತ ಗೊತ್ತಾತು. ಬಂದ್ ಮಾಡಾಕ ನನಗ ಬರೂದಿಲ್ಲ, ಉಡಿ ತುಂಬಾಕ ತಂದ ಸೀರಿ ಬಿಚ್ಚಿ ಮುಚ್ಚಿದೆ. ಬಾಗಲದಾಗ ಒಂದಿಬ್ಬರು ಗಂಡಸರು ಹಾದು ಹೋಗಿದ್ರ, ಅದು ನನಗ ಗೊತ್ತಿಲ್ಲ. ಇಲ್ಲಾ ಅಂತ ಆಣಿ ಮಾಡಾಕ ಆಗೂದಿಲ್ಲ.”

ಬಾನುಬಿ ತಲೆಯಾಡಿಸಿದಳು. ಅಷ್ಟರಲ್ಲಿ ಕುಳಿತವರ ನಡುವಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ಮೆಹಂದಿಯ ಚಿತ್ತಾರ ಚಂದ ಕಂಡು ಟಿ.ವಿ.ಯ ಫೋಟೊ ಹೊಡೆದುಕೊಂಡಿದ್ದೆ ಎಂದು ತಾನಾಗಿಯೇ ಹೇಳಿ, ಫೋನು ತೆರೆದು ಇಬ್ಬರ ಎದುರೇ ಅಳಿಸಿದಳು. ಬೇರೆ ಯಾರಾದರೂ ಹೊಡೆದಿದ್ದರೆ ಅಳಿಸಿ ಎಂದು ಸರೋಜವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು. ಇನ್ನೂ ಒಂದೆರಡು ಫೋನುಗಳು ಚೀಲದಿಂದ ಹೊರಬಂದವು. ತರನ್ನುಮ ಅದನ್ನು ನೋಡಿದಳು. ಹೊರಬರದ ಫೋನುಗಳ ಬಗ್ಗೆ ಯೋಚಿಸಿದಳು.

ಅವರು ಮರಳಿ ಮಾಳಿಗೆಗೆ ಬಂದಾಗ, ಇಂದಿಗೆ ಹುಡುಗಿಗೆ ಹೇಳುವುದು ಬೇಡ ಎಂದು ಶಬೀನಾ ಅಂದಳು. ಬಾನುಬಿ ಒಪ್ಪಲಿಲ್ಲ. ಮುಖ ಅವಳದು, ಅವಳಿಗೆ ತಿಳಿದಿರಬೇಕು ಎಂದು ಒಳಹೋಗಿ ಹೇಳಿದಳು. ರಮೀಜ ಸ್ವಲ್ಪ ಹೊತ್ತು ಅತ್ತಳು. ಕಾಡಿಗೆ ಮತ್ತೆ ತೀಡಬೇಕಾಯಿತು. ತರನ್ನುಮ ಕ್ಯಾಮೆರಾವನ್ನು ಚೀಲಕ್ಕೆ ಹಾಕುತ್ತಿದ್ದಳು. ಇನ್ನು ಈ ಮದುವೆಯಲ್ಲಿ ತನಗೇನು ಕೆಲಸ ಎಂದು. ರಮೀಜ ಅವಳನ್ನು ಹತ್ತಿರ ಕರೆದಳು.

“ಆಪಾ, ಆ ಡಬ್ಬಿ ಹೊರಗ ಇಡ್ರಿ. ಕ್ಯಾಮೆರಾ ತಗೊಂಡು ಬರ್ರಿ.”

ಉಳಿದ ಮದುವೆಯನ್ನು ತರನ್ನುಮ ಹೇಗೆ ತೆಗೆದಳೋ ಅವಳಿಗೇ ನೆನಪಿಲ್ಲ.

ಸಂಜೆ ಜನ ಕರಗಿದ ಮೇಲೆ ರುದ್ರೇಶ ಮತ್ತು ಅಲ್ಲಾಭಕ್ಷ ಮೆಟ್ಟಿಲ ಮೇಲೆ ಕುಳಿತು ಇಬ್ಬರ ಡಬ್ಬಿಗಳನ್ನೂ ಹಚ್ಚಿ ಆರಿಸಿ ನೋಡಿದರು. ಇಬ್ಬರ ಜೋಡಿಗಳೂ ಒಂದೇ ಅಂಗಡಿಯವು, ಕೊಂಡು ತಂದಾಗ ಇದ್ದ ಒಂದೇ ಚಾನೆಲ್ಲಿನಲ್ಲಿ ಇದ್ದವು. ರುದ್ರೇಶ ಬ್ಯಾಟರಿ ಬದಲಿಸಲೆಂದು ತನ್ನ ಕಳಿಸುವ ಡಬ್ಬಿ ಆರಿಸಿದಾಗ, ಅವನ ಟಿ.ವಿ.ಯ ಡಬ್ಬಿ ಗಾಳಿಯಲ್ಲಿ ಸಿಕ್ಕ ತರನ್ನುಮಳ ಚಿತ್ರವನ್ನು ಹಿಡಿದುಕೊಂಡಿತ್ತು. ಚಾನೆಲ್ ಬೇರೆ ಮಾಡಿದರೆ ಆಯಿತು ಎಂದ ರುದ್ರೇಶ. ಬೇರೆ ಮಾಡಿದ ಚಾನೆಲ್ಲಿನಲ್ಲೂ ಬೇರೆ ಯಾರೋ ಕೂತಿದ್ದರೆ ಎಂದು ತರನ್ನುಮ ಕೇಳಿದಳು. ಕೀಲಿ ಹಾಕಿದಂತೆ ತನ್ನ ಜೋಡಿಗಷ್ಟೇ ಕಳಿಸುವ ಡಬ್ಬಿಗಳೂ ಬರುತ್ತವಂತೆ ಎಂದು ಅಲ್ಲಾಭಕ್ಷ ಆಮೇಲೆ ಹುಬ್ಬಳ್ಳಿಯಲ್ಲಿ ಕೇಳಿಕೊಂಡು ಬಂದ. ಕೀಲಿ ಕಣ್ಣಿಗೆ ಕಾಣುವುದಿಲ್ಲವಲ್ಲ ಎಂಬುದು ಅವಳ ತಕರಾರು.

ಸುದ್ದಿ ನಿಲ್ಲಲಿಲ್ಲ. ಅಕ್ಕಿಆಲೂರಿನ ಕೆಲವು ಮನೆಯವರು ಅವಳನ್ನು ಕರೆಯುವುದನ್ನು ಬಿಟ್ಟರು. ಕೆಲವರು ಶಬೀನಾಳನ್ನು ವಿಚಾರಿಸಿ, ತಾನಾಗಿಯೇ ಬಂದು ಹೇಳಿದವಳು ಎಂದು ತಿಳಿದು ಕರೆದರು. ತರನ್ನುಮ ಇಬ್ಬರದೂ ಸರಿ ಎನ್ನುತ್ತಾಳೆ. ಈಗ ಕಳಿಸುವ ಡಬ್ಬಿ ಕೆಳಗೆ ಅಲ್ಲಾಭಕ್ಷನ ಕ್ಯಾಮೆರಾದ ಮೇಲೇ ಇರುತ್ತದೆ. ಗಂಡಸರ ಕಡೆಯದು ಹೆಂಗಸರ ಕಡೆಗೆ ಬರಬಹುದು, ಹೆಂಗಸರ ಕಡೆಯದು ಅವಳ ಕ್ಯಾಮೆರಾ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಮೊನ್ನೆ ಹಿರೇಕೆರೂರಿನ ಮದುವೆಗೆ ಹೋದಾಗಲೂ ಅವಳು ಸಾಮಾನು ಬಿಚ್ಚುವ ಮೊದಲು ಅಕ್ಕಪಕ್ಕದ ಹಾಲುಗಳಲ್ಲಿ ಶೂಟಿಂಗ್ ಇದೆಯೇ ಎಂದು ವಿಚಾರಿಸಲು ಹೊರಟಳು. ಮದುಮಗಳ ಸೋದರತ್ತೆ ಅವಳ ಕಳವಳ ನೋಡಿ, ಇಷ್ಟು ವರ್ಷದ ಅನುಭವಸ್ಥೆ, ಈ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ನಿಮಗಾದರೂ ಗೊತ್ತಿರಬೇಕಲ್ಲ ಎಂದು ಕೇಳಿದಳು.

“ಹಚ್ಚಾಕ ಗೊತ್ತೈತ್ರಿ, ಆರಸಾಕ ಗೊತ್ತೈತ್ರಿ,” ಎಂದಳು ತರನ್ನುಮ. “ನಡುವ ಏನಾಗತೈತಿ ಅನ್ನೂದು ಇನ್ನೂ ತಿಳದಿಲ್ಲ.” ಹಾಗೆಂದು ಪಕ್ಕದ ಹಾಲಿನ ಕಡೆ ನಡೆದಳು.