ಬಸ್ಸಿನಲ್ಲಿ ಬಾಯಿ ತೆರೆದು ಮಲಗಿದ್ದಕ್ಕೆ

ದೇಶಪಾಂಡೆ ನಗರದ ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಪಕ್ಕದಲ್ಲಿದ್ದ ಅಪರಿಚಿತ ಮಹಿಳೆಯೊಬ್ಬರು ನನ್ನ ಮುಖವನ್ನೇ ದಿಟ್ಟಿಸತೊಡಗಿದರು. ಕಾರಣ ನನಗೆ ಗೊತ್ತಿತ್ತು. ಧಾರವಾಡದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಮರಳುವಾಗ ನಾನು ಬಾಯಿ ತೆರೆದು ಗೊರಕೆ ಹೊಡೆದದ್ದನ್ನು ಯಾರೋ ವಿಡಿಯೊ ಮಾಡಿ, ಶಹನಾಯಿ ಜೋಡಿಸಿ ಜಾಲತಾಣಕ್ಕೆ ಹಾಕಿದ್ದರು. ಅದು ನನ್ನ ವಿದ್ಯಾರ್ಥಿಗಳಿಗೂ ತಲುಪಿತ್ತು. ನಾಲ್ಕು ದಿನಗಳಿಂದ ತರಗತಿಯಲ್ಲಿ ಆಕಳಿಸಲೂ ಹೆದರುತ್ತಿದ್ದೆ.

“ಬಸ್ಸಿನ್ಯಾಗ ಮಲಗಿದ್ದವ್ರು ನೀವ ಅಲ್ರಿ?” ಎಂದು ಅವರು ಕೇಳಿದರು.

“ಹೌದ್ರಿ, ನಾನ. ನಗೋದಿದ್ರ ನಕ್ಕ ಬಿಡ್ರಿ,” ಎಂದೆ.

ಅವರು ನಗಲಿಲ್ಲ. “ನಾನು ಹಲ್ಲಿನ ಡಾಕ್ಟರ್ ರೀ. ಆ ವಿಡಿಯೊ ಮೂರು ಸಲ ನೋಡೀನಿ. ನಿಮ್ಮ ಎಡಗಡೆ ಮ್ಯಾಲಿನ ದವಡಿ ಹಲ್ಲು ಹುಳಕಾಗ್ಯದ. ಸ್ವಲ್ಪ ಬಾಯಿ ತಗೀರಿ.”

ಕೈಯಲ್ಲಿ ಬದನೆಕಾಯಿ ಹಿಡಿದುಕೊಂಡೇ ಬಾಯಿ ತೆರೆದೆ. ಡಾಕ್ಟರು ಮೊಬೈಲಿನ ಬೆಳಕು ಹಾಕಿ ನೋಡಿದರು. ಅಂಗಡಿಯಾಕೆಯೂ ತಕ್ಕಡಿ ಬಿಟ್ಟು ಬಂದು ಇಣುಕಿ, “ಖರೇನ ಐತಿ ನೋಡ್ರಿ ಅಕ್ಕಾರ,” ಎಂದು ಒಪ್ಪಿಗೆ ಕೊಟ್ಟಳು. ಮರುದಿನ ಡಾಕ್ಟರ ದವಾಖಾನೆಗೆ ಹೋದೆ. ಇನ್ನೊಂದಿಷ್ಟು ತಡವಾಗಿದ್ದರೆ ಹಲ್ಲನ್ನೇ ಕೀಳಬೇಕಾಗುತ್ತಿತ್ತಂತೆ.

ಹೋದ ಮಾನ ತಿರುಗಿ ಬರಲಿಲ್ಲ, ಹಲ್ಲು ಮಾತ್ರ ಉಳಿಯಿತು. ವಿಡಿಯೊ ಮಾಡಿದವರು ಯಾರೆಂದು ಇಂದಿಗೂ ತಿಳಿದಿಲ್ಲ. ಸಿಕ್ಕರೆ ಕೇಳದೆ ವಿಡಿಯೊ ಮಾಡಿದ್ದಕ್ಕೆ ಚೆನ್ನಾಗಿ ಬೈಯುವವಳಿದ್ದೇನೆ. ಬೈದಾದ ಮೇಲೆ, ಬಲಗಡೆಯ ಹಲ್ಲುಗಳೂ ಕಾಣುವ ಹಾಗೆ ಇನ್ನೊಂದು ವಿಡಿಯೊ ಮಾಡಿಕೊಡಲು ಕೇಳಿಕೊಳ್ಳುತ್ತೇನೆ.