ಬಡಗಿ ಕೇಳಿದ ಪ್ರಶ್ನೆ

ಹೆರಿಗೆ ವಾರ್ಡಿನ ಹಿರಿಯ ನರ್ಸಿಗೆ ಆಸ್ಪತ್ರೆಯಲ್ಲೆಲ್ಲ ಆಫರಕ್ಕ ಎಂದೇ ಹೆಸರು. ರಿಯಾಯಿತಿಯ ಬೋರ್ಡು ಕಂಡರೆ ಸಾಕು, ಕಾಲು ತಾನಾಗಿ ಅಂಗಡಿಯೊಳಗೆ ನಡೆಯುತ್ತಿತ್ತು. ಮಡಿಕೆ ಬಿಚ್ಚದ ಹೊದಿಕೆಗಳು, ಒಂದು ದಿನವೂ ತಿರುಗದ ಮಿಕ್ಸರು, ಡಬ್ಬದಲ್ಲೇ ಉಳಿದ ಗಾಜಿನ ಲೋಟಗಳು. ಹಿಂದಿನ ಕೋಣೆಯ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು.

"ಈ ಕೋಣೆಗೆ ಹೋಗ್ಬೇಕಾದ್ರೆ ನಾನು ಊಟ ಬಿಟ್ಟು ಸಣ್ಣ ಆಗ್ಬೇಕು ಕಣೇ," ಎನ್ನುತ್ತಿದ್ದರು ಅತ್ತೆ.

"ಇರ್ಲಿ ಅತ್ತೆ, ಮುಂದೆ ಬೇಕಾಗುತ್ತೆ."

ಒಂದು ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಯೇಸುಸ್ವಾಮಿ ಹೇಳಿದ ಸಾಹುಕಾರನ ಕತೆ ಎತ್ತಿಕೊಂಡರು. ಬೆಳೆ ಹೆಚ್ಚಿತೆಂದು ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟವನು, ಅನುಭವಿಸುವ ಮೊದಲೇ ಪ್ರಾಣ ಬಿಟ್ಟವನು.

"ಎಂಥ ಪೆದ್ದ ಅತ್ತೆ ಅವ್ನು!" ಎಂದು ಆಫರಕ್ಕ ದಾರಿಯುದ್ದಕ್ಕೂ ಆಡಿಕೊಂಡು ನಕ್ಕಳು.

ಮನೆ ಮುಂದೆ, ಅವಳೇ ಬರಹೇಳಿದ್ದ ಬಡಗಿ ಕಾಯುತ್ತಿದ್ದ. ಕೋಣೆಯೊಳಗೆ ಓರೆಯಾಗಿ ನುಸುಳಿ, ಗೋಡೆಗೆ ಟೇಪು ಹಿಡಿದು ಕೇಳಿದ: "ಅಕ್ಕಾ, ಈ ಹಳೇ ಕಪಾಟು ಸಾಲಲ್ಲ. ಕಿತ್ತಾಕಿ ದೊಡ್ಡದು ಮಾಡಿಬಿಡೋಣ್ವಾ?"

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಕಣ್ಣು ತುಂಬಿತು.

"ಅತ್ತೆ, ಆ ಪೆದ್ದ ನಾನೇ!"

ಸೆರಗು ಸಿಕ್ಕಿಸಿದಳು. ಮಿಕ್ಸರು ಬಡಗಿಯ ಹೆಂಡತಿಗೆ, ಹೊದಿಕೆಗಳು ವಾರ್ಡಿನ ಬಾಣಂತಿಯರಿಗೆ, ಲೋಟಗಳು ಮದುವೆಯಾಗಲಿದ್ದ ಆಯಾಳಿಗೆ. ಎಲ್ಲವೂ ಸಲೀಸಾಗಿ ಹೋಯಿತೆಂದೇನಲ್ಲ. ನೀಲಿ ಹೂಜಿಯೊಂದನ್ನು ಕೊಡುವ ರಾಶಿಗಿಟ್ಟು, ಮತ್ತೆ ಎತ್ತಿಕೊಂಡು ಎದೆಗವಚಿಕೊಂಡಳು.

"ಮೇಲೆ ಹೋಗುವಾಗ ಅದನ್ನೂ ಹೊತ್ಕೊಂಡ್ ಹೋಗ್ತೀಯಾ?" ಎಂದರು ಅತ್ತೆ.

"ಸ್ವಾಮೀ, ಈ ಕೈಗೆ ಬಿಡೋದು ಕಲಿಸಪ್ಪಾ," ಎಂದು ಕಣ್ಣು ಮುಚ್ಚಿ, ಹೂಜಿಯನ್ನು ಕೆಳಗಿಟ್ಟಳು. ಇಟ್ಟದ್ದೇ ತಡ, ಮೈಯೆಲ್ಲ ಹಗುರ! ಖಾಲಿಯಾದ ಕೋಣೆಯಲ್ಲಿ ಚಿಕ್ಕ ಹುಡುಗಿಯ ಹಾಗೆ ಗಿರಕಿ ಹೊಡೆದಳು.

ಆ ವಾರವೇ ವಾರ್ಡಿನಲ್ಲಿ ತಿಂಗಳು ತುಂಬದ ಮಗುವೊಂದು ಹುಟ್ಟಿ, ಬೆಚ್ಚಗಿಡುವ ಗಾಜಿನ ಪೆಟ್ಟಿಗೆ ಸೇರಿತು. ದೂರದಿಂದ ಬಂದ ತಾಯಿ ಹಸಿ ಮೈಯಲ್ಲಿ ಕಾರಿಡಾರಿನ ನೆಲದ ಮೇಲೆ ಮಲಗಿದ್ದಳು. ಆಫರಕ್ಕ ಮನೆಗೆ ಫೋನು ಮಾಡಿದಳು.

"ಅತ್ತೆ, ಹಿಂದಿನ ಕೋಣೆ ಖಾಲಿ ಇದ್ಯಲ್ಲಾ..."

"ಕೇಳೋದೇನು, ಕರ್ಕೊಂಡ್ ಬಾ!"

ಬಡಗಿ ಓಡೋಡಿ ಬಂದು ಹಳೇ ಕಪಾಟು ಬಿಚ್ಚಿ, ಅದರ ಹಲಗೆಗಳಿಂದ ಮಂಚ ಕೂಡಿಸಿದ. ತಾಯಿ ಅಲ್ಲಿಂದಲೇ ದಿನವೂ ಮಗುವಿಗೆ ಹಾಲು ಕೊಡಲು ಹೋಗಿಬಂದಳು. ಕೊನೆಗೊಂದು ಬೆಳಿಗ್ಗೆ ಮಗುವನ್ನೇ ಎತ್ತಿಕೊಂಡು ಬಂದಳು; ಅತ್ತೆ ಸೊಸೆ ಇಬ್ಬರೂ ಅದನ್ನು ಮೊದಲು ಎತ್ತಿಕೊಳ್ಳಲು ಬಾಗಿಲಲ್ಲೇ ಕಿತ್ತಾಡಿದರು.