ಬಸವಣ್ಣೆಪ್ಪನ ಕಿಟಕಿ ಬಟ್ಟೆ

ಹತ್ತಿಮತ್ತೂರಿನಲ್ಲಿ ಬಸವಣ್ಣೆಪ್ಪನ ದನಿ ಕೇಳದವರಿಲ್ಲ. ಹೊಲದ ಈ ಬದುವಿನಲ್ಲಿ ನಿಂತು ಕೂಗಿದರೆ ಆ ಬದುವಿನ ಎತ್ತುಗಳು ನಿಂತುಬಿಡುತ್ತಿದ್ದವಂತೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ದನಿ ಮಾತ್ರ ಇಳಿಯಲಿಲ್ಲ. ಮೊಬೈಲಿನಲ್ಲಿ ಸವಣೂರಿನವರ ಜೊತೆ ಮಾತಾಡುವಾಗಲೂ, ಮೊಬೈಲು ಯಾಕೆ ಬೇಕಿತ್ತು ಎನ್ನಿಸುವ ಹಾಗೆ ಮಾತಾಡುತ್ತಾನೆ. ಇಂಥ ಮನುಷ್ಯ ದಿನಾ ಬೆಳಿಗ್ಗೆ ಕಿಟಕಿ ಮುಂದೆ ಸ್ಟೂಲು ಹಾಕಿಕೊಂಡು, ತುಟಿ ಬಿಗಿದು, ಪರದೆ ಒರೆಸುತ್ತಾನೆಂದು ಯಾರಾದರೂ ಹೇಳಿದ್ದರೆ ಸುಧಾರಾಣಿ ನಗುತ್ತಿದ್ದಳು. ಮದುವೆಯಾಗಿ ಹಾನಗಲ್ಲಿನಿಂದ ಈ ಮನೆಗೆ ಬಂದ ವಾರದಲ್ಲೇ ಮಾವನ ಈ ಕೆಲಸವನ್ನು ಕಣ್ಣಾರೆ ಕಂಡಳು.

ಅವು ಅವಳ ಗಂಡ ಚನ್ನೇಶ ಹುಬ್ಬಳ್ಳಿಯಿಂದ ತಂದು ಹಾಕಿಸಿದ ಬ್ಲೈಂಡ್ಸು. ಕೆನೆ ಬಣ್ಣದ ಬಿರುಸು ಬಟ್ಟೆ. ಪಕ್ಕದ ಮಣಿಸರ ಎಳೆದರೆ ಮೇಲಿನ ಕೊಳವೆಗೆ ಸುತ್ತಿಕೊಳ್ಳುತ್ತದೆ, ಇನ್ನೊಂದು ಕಡೆ ಎಳೆದರೆ ಕೆಳಗಿಳಿಯುತ್ತದೆ. ಮನೆಯ ಎದುರಿಗೇ ರಸ್ತೆ, ರಸ್ತೆಯಾಚೆ ಖಾರ ಕುಟ್ಟುವ ಗಿರಣಿ. ಅತ್ತೆ ಸರೋಜವ್ವನಿಗೆ ದಮ್ಮು. ಕಿಟಕಿಯ ಕದ ಮುಚ್ಚಿದರೆ ಅವಳಿಗೆ ಉಸಿರು ಕಟ್ಟುತ್ತದೆ, ತೆರೆದರೆ ಖಾರದ ಧೂಳು ಒಳಗೆ ಬರುತ್ತದೆ. ಅದಕ್ಕೇ ನಡುವೆ ಈ ಬಟ್ಟೆ. ಸುಧಾರಾಣಿಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಹೋದ ವರ್ಷದ ಮಹಾನವಮಿಯನ್ನು ಸರೋಜವ್ವ ಆಸ್ಪತ್ರೆಯ ಮಂಚದ ಮೇಲೆ ಕಳೆದಿದ್ದಳು. ಈ ಸಲ ಹಬ್ಬಕ್ಕೆ ಅವಳು ಮನೆಯಲ್ಲೇ ಇರಬೇಕೆಂಬುದೊಂದೇ ಎಲ್ಲರ ಆಸೆ.

ಬಸವಣ್ಣೆಪ್ಪ ಬಟ್ಟೆಯನ್ನು ಪೂರ್ತಿ ಇಳಿಬಿಡುತ್ತಿದ್ದ. ಕೊಡವುವುದಿಲ್ಲ, ಬಡಿಯುವುದಿಲ್ಲ, ಕಸಬರಿಗೆ ತಾಗಿಸುವುದಿಲ್ಲ. ಹಳೆಯ ಧೋತರದ ತುಂಡೊಂದನ್ನು ನೀರಲ್ಲಿ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದ ಹಾಗೆ ಹಿಂಡಿ, ಮೇಲಿನಿಂದ ಕೆಳಗೆ ಒತ್ತುತ್ತಾ ಬರುತ್ತಿದ್ದ. ಒರೆಸುವುದೂ ಅಲ್ಲ, ಬರೀ ಒತ್ತುವುದು. ತುಂಡಿನ ಒಂದು ಮಡಿಕೆ ಕೆಂಪಾದರೆ ಇನ್ನೊಂದು ಮಡಿಕೆ ತಿರುವುತ್ತಿದ್ದ. ಕೋಣೆಯಲ್ಲಿ ಧೂಳಿನ ಒಂದು ಕಣವೂ ಏಳುತ್ತಿರಲಿಲ್ಲ. ಮುಗಿದ ಮೇಲೆ ಬಟ್ಟೆ ಆರುವವರೆಗೆ ಅಲ್ಲೇ ಕುಳಿತಿರುತ್ತಿದ್ದ. ಹಸಿ ಇರುವಾಗ ಸುತ್ತಿದರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಅಷ್ಟು ಹೊತ್ತೂ ಯಾರೂ ಅವನನ್ನು ಮಾತಾಡಿಸುವಂತಿಲ್ಲ. ಒಮ್ಮೆ ಸುಧಾರಾಣಿ ಚಹಾ ತಂದು “ಮಾವಾರ” ಎಂದದ್ದಕ್ಕೆ, ತಿರುಗಿಯೂ ನೋಡದೆ ಕೈ ಎತ್ತಿ ತಡೆದಿದ್ದ. ಸಿಡುಕು ಮುದುಕ ಎಂದು ಅವಳು ಒಳಗೊಳಗೇ ಮುಖ ಊದಿಸಿಕೊಂಡಳು.

ಮಹಾನವಮಿ ಹತ್ತಿರ ಬಂತು. ಈ ಸೀಮೆಯಲ್ಲಿ ದೇವರ ಮುಂದೆ ಹಬ್ಬದ ಘಟ ಕೂಡುವ ಮೊದಲು ಮನೆಯ ಬಟ್ಟೆಯೆಲ್ಲ ಹಳ್ಳಕ್ಕೆ ಹೋಗಲೇಬೇಕು. ಕೌದಿ, ಜಮಖಾನೆ, ದಿಂಬಿನ ಚೀಲ, ಯಾವ ಮೂಲೆಯ ಚಿಂದಿಯೂ ಉಳಿಯುವಂತಿಲ್ಲ. ಸುಧಾರಾಣಿಗೆ ಹೊಸ ಮನೆಯಲ್ಲಿ ಹೆಸರು ತೆಗೆದುಕೊಳ್ಳುವ ಹುಮ್ಮಸ್ಸು. ಗಂಡಸರು ಹೊಲಕ್ಕೆ ಹೋಗಿದ್ದರು. ಹಿಂದಿನ ಪಡಸಾಲೆಗೆ ಸುಣ್ಣ ಹೊಡೆಯುತ್ತಿದ್ದರೆಂದು ಸರೋಜವ್ವ ನೆರೆಮನೆಗೆ ಹೋಗಿ ಕುಳಿತಿದ್ದಳು. ಬ್ಲೈಂಡ್ಸೂ ಬಟ್ಟೆಯೇ ತಾನೆ? ಬಿಚ್ಚಿ ಸುತ್ತಿ, ಕೌದಿಗಳ ಜೊತೆ ಹಳ್ಳಕ್ಕೆ ಹೊರಟಿದ್ದ ಓಣಿಯ ಟ್ರ್ಯಾಕ್ಟರಿಗೆ ಹಾಕಿಬಿಟ್ಟಳು.

ಹಳ್ಳದಲ್ಲಿ ಸೋಪಿನ ಪುಡಿ ಸುರಿದು, ಕಲ್ಲಿನ ಮೇಲೆ ಎತ್ತಿ ಎತ್ತಿ ಒಗೆದಳು. ನೀರು ಕೆಂಪಗೆ ಹರಿಯಿತು. ಬೆರಳು ಉರಿದವು, ಕಣ್ಣಲ್ಲಿ ನೀರು ಬಂತು, ಅತ್ತಿತ್ತ ಒಗೆಯುತ್ತಿದ್ದ ಹೆಂಗಸರೆಲ್ಲ ಸೀನತೊಡಗಿದರು.

“ಏನಬೇ ಸುಧಾ, ಹಳ್ಳಕ್ಕ ಒಗ್ಗರಣಿ ಕೊಡಾಕತ್ತೀಯೇನ?” ಎಂದಳು ನೆರೆಮನೆಯ ಅಡಿವೆವ್ವ, ಸೆರಗಿನಿಂದ ಮೂಗು ಮುಚ್ಚಿಕೊಂಡು.

ಎಲ್ಲರೂ ನಕ್ಕರು. ಸುಧಾರಾಣಿಯೂ ನಗಲು ಬಾಯಿ ತೆರೆದಳು, ನಗು ಬರಲಿಲ್ಲ. ಕೆಂಪು ನಿಲ್ಲುತ್ತಲೇ ಇರಲಿಲ್ಲ. ದಿನಾ ಅಷ್ಟು ಒತ್ತಿ ತೆಗೆದ ಮೇಲೂ ನೂಲಿನ ಒಳಗೆ ಇಷ್ಟು ಕೂತಿತ್ತು. ಈ ಬಟ್ಟೆ ಇರದಿದ್ದರೆ ಇದೆಲ್ಲ ಅತ್ತೆಯ ಎದೆಯಲ್ಲಿರುತ್ತಿತ್ತು. ಅಲಂಕಾರಕ್ಕೆ ಹಾಕಿದ್ದಾರೆ ಎಂದುಕೊಂಡಿದ್ದ ಆ ಬಟ್ಟೆಯನ್ನು ಕೈಯಲ್ಲಿ ಹಿಡಿದು ಅವಳು ದಂಗಾಗಿ ನಿಂತಳು. ಆಗಲೇ ಅದರ ಬಿರುಸೆಲ್ಲ ಹೋಗಿ ಜೋತುಬಿದ್ದದ್ದು, ಅಂಚಿನ ನೂಲು ಬಿಟ್ಟದ್ದು ಕಣ್ಣಿಗೆ ಬಿತ್ತು.

ಸಂಜೆ ಬ್ಲೈಂಡ್ಸು ಹಗ್ಗದ ಮೇಲೆ ನೀರು ಸುರಿಸುತ್ತಿದ್ದವು, ಕಿಟಕಿಗಳು ಬೋಳಾಗಿದ್ದವು. ಹಬ್ಬದ ಖಾರಕ್ಕೆ ಗಿರಣಿಯಲ್ಲಿ ಮಂದಿ ಪಾಳಿ ಹಚ್ಚಿ ನಿಂತಿದ್ದರು. ಗಾಳಿ ಇತ್ತ ತಿರುಗಿತು. ಸರೋಜವ್ವ ಮನೆಗೆ ಬಂದು ಮಂಚದ ಮೇಲೆ ಕುಳಿತದ್ದಷ್ಟೇ, ಕೆಮ್ಮು ಹತ್ತಿತು. ಸುಧಾರಾಣಿ ಕದ ಮುಚ್ಚಲು ಓಡಿದಳು.

“ಕದ... ಬ್ಯಾಡ... ಯವ್ವಾ...” ಎಂದಳು ಸರೋಜವ್ವ. ಒಂದೊಂದು ಮಾತಿಗೂ ಉಸಿರನ್ನು ಎಲ್ಲಿಂದಲೋ ಎಳೆದು ತರುತ್ತಿದ್ದಳು.

ಹೊಲದಿಂದ ಬಂದ ಬಸವಣ್ಣೆಪ್ಪ ಬಾಗಿಲಲ್ಲೇ ಎಲ್ಲವನ್ನೂ ನೋಡಿದ. ಸುಧಾರಾಣಿ ಗೋಡೆಗೆ ಸರಿದು ನಿಂತಳು. ಈಗ ಆ ದನಿ ಏಳುತ್ತದೆ, ಓಣಿಗೆಲ್ಲ ಕೇಳುತ್ತದೆ. ಅವನು ಹೆಂಡತಿಯ ಬಾಯಿಗೆ ದಮ್ಮಿನ ಔಷಧದ ಪಂಪು ಹಿಡಿದ. ಆಮೇಲೆ ಟ್ರಂಕು ತೆರೆದು, ಹಬ್ಬಕ್ಕೆಂದು ಇಸ್ತ್ರಿ ಮಾಡಿಸಿಟ್ಟಿದ್ದ ಧೋತರಗಳನ್ನೆಲ್ಲ ಹೊರಗೆಳೆದ. ಹಂಡೆಯಲ್ಲಿ ಅದ್ದಿ, ಹಿಂಡಿ, ಕಿಟಕಿಗಳಿಗೆ ಅಡ್ಡ ಕಟ್ಟಿದ. ಮಂಚದ ಪಕ್ಕ ನೆಲಕ್ಕೆ ಕುಳಿತ.

“ಮಾವಾರ, ತಪ್ಪಾತ್ರಿ. ನನಗ ಬೈರಿ,” ಎಂದು ಅವಳು ಅತ್ತಳು.

“ಸುಮ್ಮನಿರವ್ವಾ,” ಎಂದ ಅವನು, ಪಿಸುದನಿಯಲ್ಲಿ. ಆ ಗಂಟಲಲ್ಲಿ ಪಿಸುದನಿಯೂ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. “ಆಕಿ ಉಸಿರು ಕೇಳಾಕತ್ತೇನಿ.”

ಸರೋಜವ್ವನ ಉಸಿರು ತುಸು ಹದಕ್ಕೆ ಬಂದ ಮೇಲೆ ಅವನೇ ಹೇಳಿದ: “ಮುಂಜಾನೆ ಆಕಿ ಮಲಗಿರ್ತಾಳ. ಕೈ ಬಟ್ಟಿ ಮ್ಯಾಲ ಇರ್ತೈತಿ, ಕಿವಿ ಆಕಿ ಕಡೆ. ಎದಿಯಾಗ ಸೀಟಿ ಹೊಡಿಯೋ ಸಪ್ಪಳ ಬಂದ್ರ ಎಬ್ಬಿಸಿ ಪಂಪ್ ಕೊಡಬೇಕು. ಮಾತಾಡಿದ್ರ ಕೇಳ್ಸೂದಿಲ್ಲ.”

ಊರಿಗೆಲ್ಲ ಕೇಳುವ ದನಿಯವನು ದಿನಾ ಬೆಳಿಗ್ಗೆ ಇಷ್ಟು ಸಣ್ಣ ಸಪ್ಪಳಕ್ಕಾಗಿ ಬಾಯಿ ಕಟ್ಟಿಕೊಂಡು ನಿಲ್ಲುತ್ತಿದ್ದ. ಅದನ್ನು ಸುಧಾರಾಣಿ ಸಿಡುಕು ಎಂದುಕೊಂಡಿದ್ದಳು. ದೇವರ ಮನೆಯಲ್ಲಿ ಕೂಡ ಅವಳಿಗೆ ಹಾಗೆ ತಲೆ ಬಾಗಬೇಕೆನ್ನಿಸಿರಲಿಲ್ಲ.

ಘಟ ಕೂತಿತು, ದೀಪ ಹತ್ತಿತು. ಸರೋಜವ್ವನ ದಮ್ಮು ಒಂದು ದಿನ ಇಳಿದರೆ ಮರುದಿನ ಏರುತ್ತಿತ್ತು. ಆಸ್ಪತ್ರೆಗೆ ಹೋಗಬೇಕಾದೀತೆಂದು ಚನ್ನೇಶ ಕಾರಿಗೆ ಹೇಳಿಯೂ ಇಟ್ಟಿದ್ದ. ಧೋತರ ಆರಿದಾಗಲೆಲ್ಲ ಸುಧಾರಾಣಿ ಮತ್ತೆ ಅದ್ದಿ ಕಟ್ಟಿದಳು. ಬ್ಲೈಂಡ್ಸಿಗೆ ಸಾಬುದಾಣಿ ಗಂಜಿ ಹಾಕಿ, ನೆರಳಿಗೆ ಆರಿಸಿ, ಇಸ್ತ್ರಿ ಮಾಡಿ ಮತ್ತೆ ಏರಿಸಿದರು. ಒಂದು ನೆಟ್ಟಗೆ ನಿಂತಿತು, ಇನ್ನೊಂದು ಇವತ್ತಿಗೂ ಸೊಟ್ಟಗೆ ಸುತ್ತಿಕೊಳ್ಳುತ್ತದೆ. ಬೆಳಿಗ್ಗೆ ಮಾವ ಮೇಲಿನಿಂದ ಒತ್ತುತ್ತಾ ಬಂದರೆ ಅವಳು ಕೆಳಗಿನ ಪಟ್ಟಿ ಹಿಡಿದಿರುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಮೊದಲು ಅವಳಿಗೆ ಬರೀ ಗಡಿಯಾರ ಕೇಳುತ್ತಿತ್ತು. ದಿನ ಕಳೆದ ಹಾಗೆ ಅತ್ತೆಯ ಉಸಿರು ಹೋಗುವುದು, ಬರುವುದು, ನಡುವೆ ತಡೆಯುವುದು ಅವಳಿಗೂ ಕೇಳಿಸಿತು.

ದಶಮಿಯ ಸಂಜೆ ಬನ್ನಿ ಕೊಡಲು ಓಣಿಯ ಮಂದಿ ಬಂದರು. ಬಸವಣ್ಣೆಪ್ಪ ಮುದುಡಿದ ಧೋತರ ಉಟ್ಟು ಕಟ್ಟೆಯ ಮೇಲೆ ಕುಳಿತು, ಈ ವರ್ಷದ ಗೋವಿನಜೋಳದ ಬಗ್ಗೆ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಒಳಗೆ ಸುಧಾರಾಣಿ ಅತ್ತೆಯ ಕೈಗೆ ಬನ್ನಿ ಇಟ್ಟು ಕಾಲಿಗೆ ಬಿದ್ದಳು. ಸರೋಜವ್ವ ಅವಳ ತಲೆಯ ಮೇಲೆ ಕೈಯಿಟ್ಟಳು.

“ಬನ್ನಿ ತಗೊಂಡು ನಾವೂ ನೀವೂ ಬಂಗಾರದಂಗ ಇರೋಣವ್ವಾ, ಬರೋ ವರ್ಷಾನೂ ಎಲ್ಲಾರೂ ಹಿಂಗ ಮನ್ಯಾಗ ಕೂಡಿ ಹಬ್ಬಾ ಮಾಡೋಣು.”

ಒಂದೇ ಉಸಿರಿಗೆ, ಎಲ್ಲೂ ನಿಲ್ಲದೆ ಹೇಳಿದಳು. ಸುಧಾರಾಣಿ ತಲೆ ಎತ್ತಿ ಬಾಗಿಲಾಚೆ ನೋಡಿದಳು. ಕಟ್ಟೆಯ ಮೇಲೆ ಗೋವಿನಜೋಳದ ಮಾತು ಅರ್ಧಕ್ಕೇ ನಿಂತಿತ್ತು. ಎದುರಿಗೆ ಕುಳಿತ ಮಂದಿ ಮುಂದಿನ ಮಾತಿಗೆ ಕಾಯುತ್ತಿದ್ದರು. ಬಸವಣ್ಣೆಪ್ಪ ಒಳಗಿನ ಮಾತು ಮುಗಿಯುವವರೆಗೂ ತನ್ನ ಉಸಿರು ಹಿಡಿದು ಕುಳಿತಿದ್ದ, ಈಗ ಬಿಟ್ಟ.